ಬಾಗಿಲಲ್ಲಿ ಕರೆಯುವ ತಮ್ಮ

ಮನುಷ್ಯರಿಗಿರುವಂತೆ ಅಕ್ಷರಗಳಿಗೂ ಶರೀರವುಂಟು, ಸ್ವಭಾವವುಂಟು. ಕೆಲವು ಕೃಶವಾಗಿ, ಶಾಂತವಾಗಿ ಪುಟದ ಮೇಲೆ ಸಾಲಾಗಿ ಕುಳಿತಿರುವುವು. ಮತ್ತೆ ಕೆಲವು ಹಾಲುಂಡ ಹಸುಳೆಗಳಂತೆ ಗುಂಡುಗುಂಡಾಗಿ ನಿಂತು ದಾರಿಹೋಕರನ್ನು ಕೂಗಿ ಕರೆಯುವುವು. ಈ ಎರಡನೆಯ ಜಾತಿಯ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿರುವೆವು.

ಮುಂಬಯಿಯ ಏಕ್ ಟೈಪ್ ಎಂಬ ಸಂಸ್ಥೆಯವರು ರಚಿಸಿದ ಬಾಲೂ ಎಂಬ ಅಕ್ಷರಕುಟುಂಬವು 2016ರಿಂದ ಗೂಗಲ್ ಫಾಂಟ್ಸ್ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಲಿದೆ. ಹಿಂದಿಯಲ್ಲಿ ಭಾಲೂ ಎಂದರೆ ಕರಡಿ. ಸಂಸ್ಕೃತದ ಭಲ್ಲೂಕ ಶಬ್ದವೇ ಸವೆದು ಹೀಗಾಯಿತು. ಕಿಪ್ಲಿಂಗನು 1894ರಲ್ಲಿ ಪ್ರಕಟಿಸಿದ ‘ಜಂಗಲ್ ಬುಕ್’ ಗ್ರಂಥದಲ್ಲಿ ಕಾಡಿನ ಧರ್ಮವನ್ನು ಮರಿಗಳಿಗೆ ಬೋಧಿಸುವ ಉಪಾಧ್ಯಾಯನೂ ಬಾಲೂ ಎಂಬ ಕರಡಿಯೇ. ನಮ್ಮಂತಹ ಹಳೆಯ ಮೇಷ್ಟರುಗಳಿಗೆ ಇದು ಸಂತೋಷದ ಸಂಗತಿ! ಈ ಕುಟುಂಬದಲ್ಲಿ ಹಲವು ಲಿಪಿಗಳಿಗೆ ಆಯಾ ನಾಡಿನ ಸೋದರವಾಚಕವನ್ನು ಹೆಸರಿಗೆ ಸೇರಿಸಿರುವರು. ಬಂಗಾಳಿಗೆ ದಾ, ಮಲೆಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ನಮ್ಮ ಕನ್ನಡಕ್ಕೆ ತಮ್ಮ.

ಹೆಸರು ಅನ್ವರ್ಥವಾಗಿಯೇ ಇದೆ. ಮದುವೆಯ ಮನೆಯಲ್ಲಿ ಬಾಗಿಲಲ್ಲಿ ನಿಂತು ಬಂದವರನ್ನು ನಗುನಗುತ್ತ ಕರೆಯುವುದಕ್ಕೆ ತಮ್ಮನೇ ತಕ್ಕವನು. ಒಳಗೆ ಹಿರಿಯರೊಡನೆ ಕುಳಿತು ಮಾತುಕತೆ ನಡೆಸುವುದಕ್ಕೆ ಅಣ್ಣನು ಬೇಕು. ಅಂತೆಯೇ ಮಕ್ಕಳ ಪುಸ್ತಕದ ಹೊದಿಕೆ, ಶಾಲೆಯ ವಾರ್ಷಿಕೋತ್ಸವದ ಭಿತ್ತಿಪತ್ರ, ತಿಂಡಿಯಂಗಡಿಯ ನಾಮಫಲಕ, ಇವು ದಪ್ಪಕ್ಷರದ ಅಂಗಳ. ಎರಡು ಮೂರು ಪದಗಳನ್ನು ದೂರದಿಂದ ಓದಿಸಬೇಕಾದಲ್ಲಿ ಅದಕ್ಕೆ ಸಮಾನವಿಲ್ಲ. ಇಡೀ ಪುಟವನ್ನೇ ಅದರಲ್ಲಿ ಮುದ್ರಿಸಿದರೋ, ಎಲ್ಲರೂ ಒಮ್ಮೆಗೇ ಕೂಗಾಡುವ ಸಂತೆಯಾದೀತು. 2019ರಲ್ಲಿ ಬಾಲೂ 2 ಎಂಬ ಪರಿಷ್ಕೃತ ರೂಪವು ಹೊರಟಾಗ ತೆಳುವಿನಿಂದ ದಪ್ಪದವರೆಗೆ ಐದು ಪ್ರಮಾಣಗಳನ್ನು ಇಟ್ಟುದು ಉಚಿತವೇ ಆಯಿತು.

ನಮ್ಮ ಲಿಪಿಗೆ ವಿಶೇಷವಾದ ಎಚ್ಚರಿಕೆಯೊಂದುಂಟು. ದಕಾರಕ್ಕೂ ಧಕಾರಕ್ಕೂ ಇರುವ ಭೇದವು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ದಪ್ಪವಾಗಿಸುವ ಭರದಲ್ಲಿ ಆ ಸೀಳು ಮುಚ್ಚಿಹೋದರೆ ಧನವು ದನವಾಗುವುದು! ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆಯೂ ಧಾರಾಳವಾಗಿ ಎಡೆ ಬಿಡಬೇಕು. ಗಣಕಯಂತ್ರದಲ್ಲಿ ಆಮಂತ್ರಣಪತ್ರವನ್ನು ತಾವೇ ಸಿದ್ಧಪಡಿಸುವ ಗೃಹಸ್ಥರು ಅಚ್ಚಿಗೆ ಕೊಡುವ ಮುನ್ನ ಇವೆರಡನ್ನೂ ನೋಡಿಕೊಳ್ಳುವುದು ಮೇಲು.

ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಕಾಶ್ಮೀರದ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿಯೇ ಪ್ರತಿಪಾದಿಸಿದನು. ಅಕ್ಷರಕ್ಕೂ ಅದೇ ಜೀವ. ಇದು ಬರಿಯ ಅಂದಚಂದದ ಮಾತಲ್ಲ. ಇಲಿಪಾಷಾಣದ ಡಬ್ಬಿಗೆ ಚೀಟಿಯನ್ನಂಟಿಸುವಾಗ ಮಿಠಾಯಿಯ ಪೊಟ್ಟಣದ ಮುದ್ದಕ್ಷರವನ್ನು ಬಳಸಬಾರದು. ಅದರತ್ತ ಕೈಚಾಚುವ ಕೂಸಿಗೆ ಇನ್ನೂ ಓದು ಬಾರದು; ಅದು ನೋಡುವುದು ಅಕ್ಷರದ ಅರ್ಥವನ್ನಲ್ಲ, ಆಕಾರವನ್ನು.