ಬರೀ ಬಟನ್ ಒತ್ತೋದು ಕಲಿತರೆ ಸಾಕಾ?

ಕ್ಯಾಡ್ ಕೋರ್ಸು ಅಂದ್ರೆ ಎಕ್ಸ್‌ಟ್ರೂಡ್, ರಿವಾಲ್ವ್, ಫಿಲೆಟ್... ಇಷ್ಟೇ ಅಂದ್ಕೊಂಡಿರೋ ಡಿಪ್ಲೊಮಾ ಹುಡುಗರಿಗೆ ಒಂದು ಮಾತು ಹೇಳಬೇಕು ಅನ್ನಿಸ್ತಿದೆ. ಈ ಬಟನ್‌ಗಳನ್ನ ಕಲಿಯೋಕೆ ಎರಡು ದಿನ ಸಾಕು ಕಣ್ರೀ. ಆಯತ ಬರೆದು ಎತ್ತರಕ್ಕೆ ಎಳೆದರೆ ಇಟ್ಟಿಗೆ. ಲೋಟದ ಒಂದು ಮಗ್ಗುಲ ಆಕಾರ ಬರೆದು ಗಿರಕಿ ಹೊಡೆಸಿದರೆ ಲೋಟ. ಮುಗೀತು!

ಕಷ್ಟ ಇರೋದು ಅದಕ್ಕೂ ಮೊದಲಿನ ಸ್ಕೆಚ್‌ನಲ್ಲಿ. 100 ಮಿ.ಮೀ. ಉದ್ದದ ಪ್ಲೇಟಿನ ನಟ್ಟನಡುವೆ ಒಂದು ತೂತು ಬೇಕು ಅಂದ್ಕೊಳ್ಳಿ. ಒಂದು ಅಂಚಿಂದ 50 ಅಂತ ಅಳತೆ ಕೊಟ್ಟರೆ ಇವತ್ತು ಸರಿಯಾಗೇ ಕಾಣುತ್ತೆ. ನಾಳೆ ಪ್ಲೇಟು 120 ಆದಾಗ ತೂತು ಮಾತ್ರ 50ರಲ್ಲೇ ನಿಂತಿರುತ್ತೆ. ಯಾರೂ ಗಮನಿಸದೆ ಡ್ರಾಯಿಂಗ್ ಶಾಪ್‌ಗೆ ಹೋಯ್ತೋ, ಪ್ಲೇಟು ಗುಜರಿಗೆ! ಅಳತೆ ಬದಲು ಸಿಮೆಟ್ರಿ ಕಟ್ಟು ಹಾಕಿದ್ದರೆ ತೂತು ತಾನಾಗೇ ನಡುವಿಗೆ ಬರ್ತಿತ್ತು.

ದುಡ್ಡು ಸುರಿಯೋ ಮೊದಲು ಉಚಿತವಾಗಿ ಸಿಗೋ ಫ್ರೀಕ್ಯಾಡ್ ಇಳಿಸಿಕೊಳ್ಳಿ. ಅದರ 1.0 ಆವೃತ್ತಿ 2024ರಲ್ಲೇ ಬಂದಿದೆ. ಸ್ಕೆಚ್ ಪೂರ್ತಿ ಹಸಿರಾಗೋವರೆಗೂ ಮುಂದಕ್ಕೆ ಹೋಗಬೇಡಿ. ಆಮೇಲೆ ಬೇಕಂತಲೇ ಒಂದು ಅಳತೆ ಬದಲಿಸಿ. ಮಾಡೆಲ್ ಕೆಡದೆ ನಿಂತರೆ ನೀವು ಕಲಿತ ಹಾಗೆ. ಸರ್ಟಿಫಿಕೇಟು ಆಮೇಲಿನ ಮಾತು.

ನೀವೇನಂತೀರಿ?