ತಾಮ್ರ ಎಲ್ಲಿಗೆ ಹೋಯಿತು?

ಮಕ್ಕಳೇ, ಪಾಯಸದಲ್ಲಿ ಬೆಂದ ಸಬ್ಬಕ್ಕಿಯನ್ನು ನೀವೆಲ್ಲ ನೋಡಿದ್ದೀರಿ. ಹಾಗೆಯೇ ಕಾಣುವ, ಆದರೆ ತಿನ್ನಬಾರದ ಮಣಿಗಳನ್ನು ಶಿಕ್ಷಕರ ಜೊತೆಗೂಡಿ ಶಾಲೆಯಲ್ಲೇ ಮಾಡಬಹುದು. ಕಂದು ಬಣ್ಣದ ಕಡಲಕಳೆಯಿಂದ ಸೋಡಿಯಂ ಆಲ್ಜಿನೇಟ್ ಎಂಬ ಪುಡಿ ತಯಾರಾಗುತ್ತದೆ. ಇದೊಂದು ಪಾಲಿಮರ್, ಅಂದರೆ ಚಿಕ್ಕ ಘಟಕಗಳು ಸರಪಳಿಯಂತೆ ಕೂಡಿ ಆದ ಉದ್ದನೆಯ ಅಣು. 2 ಗ್ರಾಂ ಪುಡಿಯನ್ನು 100 ಮಿಲಿಲೀಟರ್ ನೀರಿನಲ್ಲಿ ಕಲಸಿ ಒಂದು ರಾತ್ರಿ ಬಿಡಿ. ಗಂಜಿಯಂತಾದ ಅದನ್ನು ಸೂಜಿಯಿಲ್ಲದ ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ತೊಟ್ಟಿಕ್ಕಿಸಿದರೆ ಪ್ರತಿ ಹನಿಯೂ ಜೆಲ್ ಮಣಿಯಾಗುತ್ತದೆ. ಕ್ಯಾಲ್ಸಿಯಂ ಅಯಾನುಗಳು ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ.

ಈ ಮಣಿಗಳನ್ನು ತೊಳೆದು ಮೈಲುತುತ್ತದ ತಿಳಿನೀಲಿ ನೀರಿಗೆ ಹಾಕಿ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೆರೆಸುವುದು ಇದೇ ಮೈಲುತುತ್ತವನ್ನು. ಕೆಲವು ಗಂಟೆಗಳಲ್ಲಿ ನೀರಿನ ಬಣ್ಣ ಮಾಸಿ ಮಣಿಗಳು ನೀಲಿಯಾಗುತ್ತವೆ. ಆಲ್ಜಿನೇಟಿಗೆ ಕ್ಯಾಲ್ಸಿಯಂಗಿಂತ ತಾಮ್ರದ ಮೇಲೆ ಒಲವು ಹೆಚ್ಚು. ಕ್ಯಾಲ್ಸಿಯಂ ಜಾಗ ಬಿಡುತ್ತದೆ, ತಾಮ್ರ ಬಂದು ಅಂಟಿಕೊಳ್ಳುತ್ತದೆ. ಹೀಗೆ ಅಂಟಿಕೊಳ್ಳುವುದಕ್ಕೆ ಅಧಿಶೋಷಣೆ ಎಂದು ಹೆಸರು.

ಕೆಲವು ವರ್ಷಗಳ ಹಿಂದೆ ವಿಜ್ಞಾನ ವಸ್ತುಪ್ರದರ್ಶನವೊಂದಕ್ಕೆ ತೀರ್ಪು ನೀಡಲು ಹೋಗಿದ್ದೆ. ಒಂದು ತಂಡ ಇದನ್ನೇ ತೋರಿಸಿ "ನೀರು ಶುದ್ಧವಾಯಿತು" ಎಂದಿತು. ಚಪ್ಪಾಳೆ ಬಿತ್ತು. ನಾನೂ ಒಳ್ಳೆಯ ಅಂಕ ಕೊಟ್ಟೆ. ಸಂಜೆ ಹೊರಡುವಾಗ ನೋಡಿದರೆ, ಕೈತೋಟದ ಕರಿಬೇವಿನ ಬುಡದಲ್ಲಿ ನೀಲಿ ಮಣಿಗಳು ಬಿದ್ದಿದ್ದವು! ತಪ್ಪು ಆ ಮಕ್ಕಳದ್ದಲ್ಲ. ಮಣಿಗಳನ್ನು ಆಮೇಲೆ ಏನು ಮಾಡುತ್ತೀರಿ ಎಂದು ನಾನು ಕೇಳಿಯೇ ಇರಲಿಲ್ಲ.

ತಾಮ್ರ ಒಂದು ಧಾತು. ಜೆಲ್ ಮಣ್ಣಿನಲ್ಲಿ ಕೊಳೆತುಹೋದರೂ ತಾಮ್ರ ಕೊಳೆಯುವುದಿಲ್ಲ. ನೀರಿನಲ್ಲಿದ್ದದ್ದು ಮಣಿಗೆ ಬಂದಿತು, ಮಣಿಯಿಂದ ಮಣ್ಣು ಸೇರಿತು. ಇದನ್ನು ಶುದ್ಧೀಕರಣ ಎನ್ನಲು ನಾನು ಒಪ್ಪುವುದಿಲ್ಲ. ಮನೆಯ ಕಸ ಗುಡಿಸಿ ಪಕ್ಕದವರ ಅಂಗಳಕ್ಕೆ ಹಾಕಿದಂತಾಯಿತು, ಅಷ್ಟೆ. ಲೋಹ ಲೇಪನ ಮಾಡುವ ಕಾರ್ಖಾನೆಗಳ ಮುಂದಿರುವುದೂ ಇದೇ ಪ್ರಶ್ನೆ: ನೀರಿನಿಂದ ತೆಗೆದ ಲೋಹವನ್ನು ಎಲ್ಲಿಡುವುದು?

ನೀವು ಈ ಪ್ರಯೋಗ ಮಾಡುವುದಾದರೆ ಉಳಿದರ್ಧವನ್ನೂ ಮಾಡಿ. ನೀಲಿ ಮಣಿಗಳನ್ನು ಒಣಗಿಸಿ. ಅವು ಕುಗ್ಗಿ ಸಾಸಿವೆ ಕಾಳಿನಂತಾಗುತ್ತವೆ. ನೂರು ಮಣಿಗೂ ಒಂದು ಚಿಕ್ಕ ಬಾಟಲಿ ಸಾಕು. ಇಲ್ಲವೇ ಶಿಕ್ಷಕರು ಹಸಿ ಮಣಿಗಳನ್ನು ಸಾರರಿಕ್ತ ಆಮ್ಲದಲ್ಲಿ ನೆನೆಸಿ ಕೊಟ್ಟರೆ ತಾಮ್ರ ಮತ್ತೆ ಹೊರಬರುತ್ತದೆ. ಆ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟು ನೋಡಿ, ಅದರ ಮೇಲೆ ಕೆಂಪು ತಾಮ್ರ ಕೂರುತ್ತದೆ. ಬಣ್ಣ ಮಾಸಿದ ನೀರನ್ನು ಮಾತ್ರ ಯಾರೂ ಬಾಯಿಗೆ ಹಾಕಬಾರದು. ಕಣ್ಣಿಗೆ ಕಾಣದಷ್ಟು ತಾಮ್ರ ಅದರಲ್ಲಿ ಇನ್ನೂ ಇರುತ್ತದೆ.

ಮುಂದಿನ ಪ್ರದರ್ಶನದಲ್ಲಿ ನಿಮ್ಮ ಮೇಜಿನ ಬಳಿ ಬಂದರೆ, ತಿಳಿನೀರಿನ ಲೋಟಕ್ಕಿಂತ ಮೊದಲು ಆ ಮಣಿಗಳ ಬಾಟಲಿ ಎಲ್ಲಿ ಎಂದು ಕೇಳುತ್ತೇನೆ.