ಬಾಯಿ ಕಟ್ಟಿದವರು ಯಾರು?

ಮಂಗಳೂರಿನ ಶಾಲೆಗಳಲ್ಲಿ ನಮ್ಮ ಕೇರಿಯ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, ಕನ್ನಡದಲ್ಲಿ ಒಂದು ವಾಕ್ಯ ಹೇಳು ಅಂದರೆ ತಡವರಿಸುತ್ತಾರೆ. ಕೂಡಲೇ ತೀರ್ಪು: 'ಇವಕ್ಕೆ ಭಾಷೆಯೇ ಬರುವುದಿಲ್ಲ.' ಮನೆಯಲ್ಲಿ ತುಳು, ಕೊರಗ ಭಾಷೆ ಆಡುವ ಮಕ್ಕಳಿಗೆ ಭಾಷೆ ಇಲ್ಲವಂತೆ! ಇದೆಂಥ ಧೈರ್ಯ ಮಾರಾಯರೇ?

ತುಳುವಿನಲ್ಲಿ 'ನಾವು' ಎನ್ನಲು ಎರಡು ಮಾತುಂಟು. ಕೇಳುವವನನ್ನು ಹೊರಗಿಟ್ಟರೆ 'ಎಂಕುಲು', ಒಳಗೆ ಸೇರಿಸಿಕೊಂಡರೆ 'ನಮ'. ತುಳು ಮನೆಯ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಇದನ್ನು ಬಲ್ಲದು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಕನ್ನಡ ಎರಡನ್ನೂ ಒಂದೇ ಗೋಣಿಗೆ ತುಂಬುತ್ತದೆ. ಹಾಗಂತ ಕನ್ನಡದ ಮಾಸ್ಟ್ರಿಗೆ ಬುದ್ಧಿ ಕಡಿಮೆ ಅಂತ ನಾವು ಹೇಳಿದ್ದೇವೆಯೇ? ಇದೇ ಊರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1872ರಲ್ಲೇ ಬ್ರಿಗೆಲ್ಲರ ತುಳು ವ್ಯಾಕರಣ ಅಚ್ಚಾಗಿತ್ತು. ಕೊರಗ ಭಾಷೆಯ ಬಗ್ಗೆ ಡಿ.ಎನ್. ಶಂಕರ ಭಟ್ಟರ ಪುಸ್ತಕ 1971ರಲ್ಲಿ ಬಂತು. ಓದಬೇಕಾದವರು ಓದಲಿಲ್ಲ, ಅಷ್ಟೇ.

ಅಮೆರಿಕದ ನೋಮ್ ಚಾಮ್‌ಸ್ಕಿ 1965ರಲ್ಲಿ ಒಂದು ಗೆರೆ ಎಳೆದರು. ತಲೆಯೊಳಗಿನ ಭಾಷಾಜ್ಞಾನ ಬೇರೆ, ಬಾಯಿಂದ ಬೀಳುವ ಮಾತು ಬೇರೆ. ನೆನಪು ಸಾಲದೆ, ಗಮನ ತಪ್ಪಿ ಮಾತು ಎಡವಬಹುದು. ಅಷ್ಟರಿಂದ ಒಳಗಿನ ವ್ಯಾಕರಣ ಇಲ್ಲವಾಗುವುದಿಲ್ಲ. ಈ ಮಾತು ನಮ್ಮ ಕೈಯ ಆಯುಧ, ಬಿಡಬಾರದು. ಆದರೆ ಅವರ ಸಿದ್ಧಾಂತದ ಮಾತುಗಾರ ಎಂಥವನು? ಎಲ್ಲರೂ ಒಂದೇ ಥರ ಮಾತಾಡುವ ಸಮಾಜದಲ್ಲಿ ಕೂತ ಆದರ್ಶ ಮನುಷ್ಯ. ಅಧ್ಯಯನದ ಅನುಕೂಲಕ್ಕೆ ಕಲ್ಪಿಸಿಕೊಂಡದ್ದು ಅಂತಾರೆ ಪಂಡಿತರು. ಇರಲಿ. ಅಂಥ ಊರು ಎಲ್ಲುಂಟು? ಇಲ್ಲಂತೂ ಬ್ರಾಹ್ಮಣರ ತುಳುವೇ ಬೇರೆ, ಉಳಿದವರ ತುಳುವೇ ಬೇರೆ. ಮಾತು ಎಡವುವ ಕಾರಣಗಳನ್ನು ಎಣಿಸಿದ ಚಾಮ್‌ಸ್ಕಿಯವರ ಪಟ್ಟಿಯಲ್ಲಿ ಹೆದರಿಕೆ ಇಲ್ಲ. ಹಿಂದಿನ ಬೆಂಚು ಇಲ್ಲ. ಹಾಜರಿ ಕರೆಯುವಾಗ ಜಾತಿ ಕೇಳುವ ದನಿ ಇಲ್ಲ.

1969ರಲ್ಲಿ ವಿಲಿಯಂ ಲಬೋವ್ ಬರೆದದ್ದು ನೋಡಿ. ನ್ಯೂಯಾರ್ಕಿನ ಹಾರ್ಲೆಮ್‌ನ ಎಂಟು ವರ್ಷದ ಕಪ್ಪು ಹುಡುಗ ಪ್ರಶ್ನೆಗೆ ಒಂದೊಂದೇ ಪದ ಉಗುಳುತ್ತಿದ್ದ. ಪ್ರಶ್ನೆ ಕೇಳುವವನು ಆಲೂಗಡ್ಡೆ ಚಿಪ್ಸ್ ತಂದ, ಹುಡುಗನ ಗೆಳೆಯನನ್ನೂ ಕರೆತಂದ, ತಾನೇ ನೆಲಕ್ಕೆ ಇಳಿದು ಕೂತ. ಮೂಗನಂತಿದ್ದ ಅದೇ ಹುಡುಗ ಮಾತಿಗೆ ಮಾತು ಎದುರಾಡತೊಡಗಿದ!

ನಮ್ಮಲ್ಲಿ ಎಷ್ಟು ಮಾಸ್ಟ್ರು ಹಾಗೆ ನೆಲಕ್ಕೆ ಇಳಿದಿದ್ದಾರೆ? ಹಳ್ಳಿ ಶಾಲೆಯ ಗೆಳೆಯರೇ, 'ಅಶುದ್ಧ' ಅಂತ ಕೆಂಪು ಗೆರೆ ಎಳೆಯುವ ಮೊದಲು ಆ ಮಗುವಿನ ಪಕ್ಕ ಕೂತು, ಅದರ ಮಾತಿನಲ್ಲೇ ಏನಾದರೂ ಕೇಳಿ. ನಿಮ್ಮೆದುರು ಅದು 'ಎಂಕುಲು' ಅನ್ನುತ್ತದೋ 'ನಮ' ಅನ್ನುತ್ತದೋ, ಕಿವಿಗೊಡಿ.